ಸಿಪಾಯಿ ಮನೆಯ ಮಕ್ಕಳು



ನಮ್ಮ ನಾಡಿನ ಎಷ್ಟೋ ಹಳ್ಳಿಗಳಿಂದ ಜನ ಸೈನ್ಯಕ್ಕೆ ಹೋಗಿದ್ದಾರೆ. ಕೊಡಗಿನಲ್ಲಿ, ಬೆಳಗಾವಿ ಕಡೆ ಇಂಥ ಮನೆಗಳು ಬಹಳ. ಸಿಪಾಯಿ ಗಡಿ ಕಾಯ್ತಾನೆ ಅಂತ ನಮಗೆಲ್ಲ ಗೊತ್ತು. ಆದರೆ ಅವನ ಮಕ್ಕಳು ಹೇಗೆ ಬೆಳೆಯುತ್ತಾರೆ? ಬನ್ನಿ, ಓದಿ ತಿಳಿಯೋಣ.

ಮತ್ತೆ ಮತ್ತೆ ಹೊಸ ಊರು

ಸಿಪಾಯಿಗೆ ಒಂದೇ ಊರಿನಲ್ಲಿ ಕೆಲಸ ಇರೋದಿಲ್ಲ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ವರ್ಗ ಆಗ್ತದೆ. ಈಗ ಬೆಳಗಾವಿ. ಆಮೇಲೆ ಪಂಜಾಬಿನ ಪಠಾಣ್‌ಕೋಟ್. ಅದಾದ ಮೇಲೆ ಅಸ್ಸಾಂ. ಟ್ರಂಕಿಗೆ ಸಾಮಾನು ತುಂಬಬೇಕು. ರೈಲು ಹತ್ತಬೇಕು. ಹೊಸ ಊರು, ಹೊಸ ಮಾತು, ಹೊಸ ಶಾಲೆ. ಒಬ್ಬ ಗೆಳತಿ ಸಿಕ್ಕಳು ಅನ್ನುವಷ್ಟರಲ್ಲಿ ಅವಳನ್ನು ಬಿಟ್ಟು ಹೊರಡಬೇಕು.

ಶಾಲೆ ಬದಲಾದರೆ ಪಾಠ ತಪ್ಪುತ್ತದೆ. ಇದಕ್ಕೆ ಸರಕಾರ ಒಂದು ದಾರಿ ಮಾಡಿತು. ಸೈನಿಕರು ಹೆಚ್ಚಾಗಿದ್ದ ಊರುಗಳ 20 ಶಾಲೆಗಳನ್ನು 1963ರಲ್ಲಿ ಕೇಂದ್ರದ ಶಾಲೆಗಳಾಗಿ ಮಾಡಿತು. ಇವೇ ಇಂದಿನ ಕೇಂದ್ರೀಯ ವಿದ್ಯಾಲಯಗಳು. ಈಗ ದೇಶದ ತುಂಬ ಇವೆ. ಎಲ್ಲ ಕಡೆ ಒಂದೇ ಪಾಠ. ಬೆಳಗಾವಿಯಲ್ಲಿ ಅರ್ಧ ಓದಿದ್ದನ್ನು ಮಗು ಪಠಾಣ್‌ಕೋಟಿನಲ್ಲಿ ಮುಂದುವರಿಸಬಹುದು.

ಆದರೆ ಅಲ್ಲಿ ಪಾಠ ನಡೆಯೋದು ಹಿಂದಿ, ಇಂಗ್ಲಿಷಿನಲ್ಲಿ. ಹಾಗಾದರೆ ಆ ಮಗುವಿಗೆ ಕನ್ನಡ ಅಕ್ಷರ ಕಲಿಸುವವರು ಯಾರು? ತಾಯಿಯೇ ಕಲಿಸಬೇಕು. ತಾಯಿಗೆ ಓದು ಬಂದರೆ ತಾನೇ ಕಲಿಸೋದು?

ಊರಿನ ಹೆಸರಿಲ್ಲದ ವಿಳಾಸ

ಎಲ್ಲ ಕಡೆಗೂ ಸಂಸಾರ ಕರೆದುಕೊಂಡು ಹೋಗೋಕೆ ಆಗೋದಿಲ್ಲ. ಸಿಯಾಚಿನ್ ಹಿಮದ ಜಾಗ. 1984ರಿಂದ ನಮ್ಮ ಸೈನಿಕರು ಅಲ್ಲಿ ಕಾವಲಿದ್ದಾರೆ. ಅಲ್ಲಿ ಹೆಂಡತಿ ಮಕ್ಕಳು ಇರೋದು ಹೇಗೆ? ಆಗ ತಾಯಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬರುತ್ತಾಳೆ. ಇಲ್ಲವೇ ದೂರದ ಸೈನ್ಯದ ಮನೆಯಲ್ಲೇ ಉಳಿಯುತ್ತಾಳೆ.

ಗಡಿಯಲ್ಲಿರುವ ಸಿಪಾಯಿಗೆ ಬರೆಯುವ ಪತ್ರದ ಮೇಲೆ ಊರಿನ ಹೆಸರು ಇರೋದಿಲ್ಲ. ಅವನ ನಂಬರು, ಹೆಸರು, ದಳ ಬರೆಯಬೇಕು. ಕೊನೆಗೆ '56 ಎಪಿಒ' ಅಥವಾ '99 ಎಪಿಒ' ಅಂತ ಬರೆಯಬೇಕು. 56 ಅಂದರೆ ಪತ್ರ ದೆಹಲಿಯ ಮೂಲಕ ಹೋಗ್ತದೆ. 99 ಅಂದರೆ ಕೋಲ್ಕತ್ತದ ಮೂಲಕ. ಸೈನ್ಯ ಎಲ್ಲಿದೆ ಅಂತ ಶತ್ರುಗಳಿಗೆ ತಿಳಿಯಬಾರದಲ್ಲ, ಅದಕ್ಕೆ ಹೀಗೆ.

1999ರಲ್ಲಿ ಮೇ ತಿಂಗಳಿಂದ ಜುಲೈವರೆಗೆ ಕಾರ್ಗಿಲ್ ಯುದ್ಧ ನಡೆಯಿತು. ಆಗ ಹಳ್ಳಿಗಳಲ್ಲಿ ಮೊಬೈಲ್ ಇರಲಿಲ್ಲ. ಮನೆಮಂದಿ ಅಂಚೆಯಣ್ಣನ ದಾರಿ ಕಾಯ್ತಿದ್ದರು. ಈಗ ಮೊಬೈಲ್ ಇದೆ. ಆದರೂ ಎತ್ತರದ ಗಡಿಯಲ್ಲಿ ಬೇಕೆಂದಾಗ ಸಿಗ್ನಲ್ ಸಿಗೋದಿಲ್ಲ. ಕಾಯೋದು ತಪ್ಪಿಲ್ಲ.

ಮಗುವಿನ ಮನಸ್ಸು

ಇಂಥ ಮಕ್ಕಳು ನಮ್ಮ ಶಾಲೆಗಳಿಗೂ ವರ್ಷದ ನಡುವೆ ಬಂದು ಸೇರುತ್ತಾರೆ. ಹಿಂದಿ ಚೆನ್ನಾಗಿ ಆಡ್ತಾರೆ. ಕನ್ನಡ ಪುಸ್ತಕ ಹಿಡಿದರೆ ತಡವರಿಸುತ್ತಾರೆ. ಉಳಿದ ಮಕ್ಕಳು ನಗುತ್ತಾರೆ. ಈ ಮಗು ದಡ್ಡ ಅಲ್ಲ. ಮೂರು ಭಾಷೆ ಕಿವಿಗೆ ಬಿದ್ದ ಮಗು ಇದು. ಹೊಸಬರ ಜೊತೆ ಬೆರೆಯೋದು ಇದಕ್ಕೆ ಗೊತ್ತು. ಸ್ವಲ್ಪ ಸಮಯ ಕೊಟ್ಟರೆ ಸಾಕು.

ಟಿವಿಯಲ್ಲಿ ಗಡಿಯ ಸುದ್ದಿ ಬಂದಾಗ ಈ ಮಗು ಮಾತು ನಿಲ್ಲಿಸುತ್ತದೆ. "ಅಪ್ಪ ಯಾವಾಗ ಬರ್ತಾನೆ?" ಅಂತ ಕೇಳುತ್ತದೆ. "ನಾಳೆ ಬರ್ತಾನೆ" ಅಂತ ಸುಳ್ಳು ಹೇಳಬಾರದು. ನಾಳೆ ಬರದಿದ್ದರೆ ಮಗು ನಮ್ಮ ಮಾತನ್ನೇ ನಂಬೋದಿಲ್ಲ. "ರಜೆ ಸಿಕ್ಕ ಕೂಡಲೇ ಬರ್ತಾನೆ, ಬಾ, ಪತ್ರ ಬರೆಯೋಣ" ಅನ್ನಬೇಕು. ಅಪ್ಪ ರಜೆಗೆ ಬಂದಾಗ ಚಿಕ್ಕ ಮಗು ಗುರುತು ಸಿಗದೆ ಅಳಬಹುದು. ಅಪ್ಪನಿಗೆ ನೋವಾಗ್ತದೆ. ದಿನವೂ ಫೋಟೊ ತೋರಿಸಿ ಮಾತಾಡಿದರೆ ಗುರುತು ಉಳಿಯುತ್ತದೆ.

ನಾವು ಏನು ಮಾಡಬಹುದು?

ಶಾಲೆಯ ಟಿ.ಸಿ., ಜನನ ಪತ್ರ, ಸೈನ್ಯದ ಕಾಗದಗಳನ್ನು ಒಂದೇ ಚೀಲದಲ್ಲಿ ಇಡೋಣ. ಸಹಿ ಹಾಕುವ ಮುಂಚೆ ಓದೋಣ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ವಿದ್ಯಾರ್ಥಿವೇತನ, ಪಿಂಚಣಿ ವಿಷಯ ಕೇಳೋಣ. ಕೇಳೋಕೆ ನಾಚಿಕೆ ಬೇಡ.

ವಿಜಯಪುರದಲ್ಲಿ 1963ರಿಂದ, ಕೊಡಗಿನಲ್ಲಿ 2007ರಿಂದ ಸೈನಿಕ ಶಾಲೆ ಇದೆ. ಆರನೇ ತರಗತಿಗೆ ಪರೀಕ್ಷೆ ಬರೆದು ಸೇರಬಹುದು. ಈಗ ಹುಡುಗಿಯರಿಗೂ ಬಾಗಿಲು ತೆರೆದಿದೆ. ಸೈನಿಕರ ಮಕ್ಕಳಷ್ಟೇ ಅಲ್ಲ, ನಮ್ಮ ನಿಮ್ಮ ಮಕ್ಕಳೂ ಸೇರಬಹುದು.

ನಿಮ್ಮ ಓಣಿಯಲ್ಲಿ ಸಿಪಾಯಿ ಮನೆ ಇದೆಯೇ? ಆ ಮಗುವನ್ನು ನಿಮ್ಮ ಮಕ್ಕಳ ಜೊತೆ ಆಟಕ್ಕೆ ಕರೆಯಿರಿ. ಆ ಮನೆಯ ತಾಯಿಗೆ ಓದು ಬಾರದಿದ್ದರೆ ನಮ್ಮ ಕಲಿಕಾ ಕೇಂದ್ರಕ್ಕೆ ಕರೆದುಕೊಂಡು ಬನ್ನಿ. ಗಂಡನ ಪತ್ರವನ್ನು ಅವಳು ತಾನೇ ಓದಲಿ. ಉತ್ತರವನ್ನೂ ತಾನೇ ಬರೆಯಲಿ.