ಪುರ ಗ್ರಾಮದ ಗೋಬರ್ ಅನಿಲ

ಸಮುದ್ರಮಧ್ಯದ ದ್ವೀಪದಂತೆ, ತನಗೆ ಬೇಕಾದ ಶಕ್ತಿಯನ್ನು ತನ್ನ ಎಲ್ಲೆಯೊಳಗೇ ಉತ್ಪಾದಿಸಿ ಹಂಚಿಕೊಳ್ಳುವುದು ಒಂದು ಗ್ರಾಮಕ್ಕೆ ಸಾಧ್ಯವೆ? ಕುಣಿಗಲ್ ತಾಲ್ಲೂಕಿನ ಪುರ ಗ್ರಾಮವು ಇದಕ್ಕೆ ಒಂದು ನಿದರ್ಶನವಾಗಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ ‘ಅಸ್ತ್ರ’ ವಿಭಾಗದವರು ಅಲ್ಲಿ ಗೋಬರ್ ಅನಿಲದ ಸ್ಥಾವರವನ್ನು ಕಟ್ಟಿದರು. ಅನಿಲವನ್ನು ಅಡುಗೆಗೆ ಒದಗಿಸಬೇಕೆಂಬುದು ಮೊದಲಿನ ಸಂಕಲ್ಪ. ಆದರೆ ಎಲ್ಲ ಮನೆಗಳ ಒಲೆಗೂ ಸಾಲುವಷ್ಟು ಸಗಣಿ ದೊರೆಯಲಿಲ್ಲ. ಜನರಿಗೆ ಅಗತ್ಯವಾಗಿ ಬೇಕಾಗಿದ್ದುದು ಕುಡಿಯುವ ನೀರು. ಆದುದರಿಂದ ೧೯೮೭ರಿಂದ ಆ ಅನಿಲವು, ಸ್ವಲ್ಪ ಡೀಸೆಲ್ಲಿನ ನೆರವಿನೊಡನೆ, ಎಂಜಿನನ್ನು ನಡೆಯಿಸಿ ವಿದ್ಯುತ್ತನ್ನು ಹುಟ್ಟಿಸಿತು. ಕೊಳವೆ ಬಾವಿಯ ನೀರು ನಲ್ಲಿಗಳಿಗೆ ಬಂದಿತು, ಮನೆಗಳಲ್ಲಿ ದೀಪಗಳು ಬೆಳಗಿದುವು.

ಸಗಣಿ ತಂದವರಿಗೆ ಕಿಲೋಗ್ರಾಮಿಗೆ ೨ ಪೈಸೆ ಸಲ್ಲುತ್ತಿದ್ದಿತು. ಬಗ್ಗಡವು ಗೊಬ್ಬರವಾಗಿ ಅವರಿಗೇ ಹಿಂದಿರುಗುತ್ತಿದ್ದಿತು. ಸಗಣಿ ಬಾರದಿದ್ದರೆ ಎಂಜಿನ್ ನಿಲ್ಲುವುದು. ಎಂಜಿನ್ ನಿಂತರೆ ಕೊಡದವರಿಗೂ ಕೊಟ್ಟವರಿಗೂ ಸಮಾನವಾಗಿ ನೀರಿಲ್ಲ, ಬೆಳಕಿಲ್ಲ. ಹೀಗೆ ಅವರವರ ಹಿತವೇ ಊರಿನ ಸಹಕಾರವನ್ನು ಕಾಯಿತು.

ಸುಮಾರು ಒಂದು ದಶಕ ನಡೆದು ಆ ಕಾರ್ಯವು ನಿಂತಿತು. ಆದರೂ ಯಂತ್ರವನ್ನು ನಿಲ್ಲಿಸುವುದಕ್ಕೆ ಮುನ್ನ ಜನರ ಮೊದಲ ಬೇಡಿಕೆ ಯಾವುದೆಂದು ಕೇಳಬೇಕೆಂಬ ಪಾಠವು ಯೋಜಕರಿಗೆ ಉಳಿದಿದೆ.