ಫ್ಯಾಕ್ಟರಿಗೆ 27 ಬೈಟು

ಮುಧೋಳ ಸೀಮೆಯ ಸಮೀರವಾಡಿ ಎಂದರೆ ಸಕ್ಕರೆ ಫ್ಯಾಕ್ಟರಿ. ಈ 'ಫ್ಯಾಕ್ಟರಿ'ಯನ್ನು ಕನ್ನಡದಲ್ಲಿ ಬೆರಳಚ್ಚಿಸಿದರೆ ಕಂಪ್ಯೂಟರಿನಲ್ಲಿ 9 ಸಂಕೇತ. ಒಂದಕ್ಕೆ 3ರಂತೆ 27 ಬೈಟು. ಇಂಗ್ಲಿಷಿನಲ್ಲಿ 7 ಬೈಟಿಗೆ ಕೆಲಸ ಮುಗಿಯುತ್ತದೆ. ಉಚ್ಚಾರ ಸರಿಯಾಗಲೆಂದು ಫ ಅಕ್ಷರದಡಿ ಚುಕ್ಕೆ ಇಟ್ಟರೆ 30. ಎಸ್ಸೆಮ್ಮೆಸ್ಸಿನಲ್ಲಿ ಕೈ ಇನ್ನೂ ಬಿಗಿ: ಒಂದು ಸಂದೇಶಕ್ಕೆ ಇಂಗ್ಲಿಷಿಗೆ 160 ಸ್ಥಾನ, ಕನ್ನಡಕ್ಕೆ 70. ಅದರಲ್ಲಿ ಫ್ಯಾಕ್ಟರಿಯೊಂದೇ 9 ನುಂಗುತ್ತದೆ.

ಕಂಪ್ಯೂಟರಿಗಾಗಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಆ ಚುಕ್ಕೆಗೆ ಜಾಗ ಕೊಟ್ಟದ್ದು 2003ರಲ್ಲಿ. ಜನ ಅದನ್ನು ಅಷ್ಟಾಗಿ ಹಚ್ಚಿಕೊಂಡಿಲ್ಲ, ಹಚ್ಚಿಕೊಳ್ಳಬೇಕಾಗಿಯೂ ಇಲ್ಲ. ಶಾಲೆಯ ವರ್ಣಮಾಲೆಯ 49 ಅಕ್ಷರಗಳಲ್ಲಿ ಅಚ್ಚಗನ್ನಡಕ್ಕೆ ಬಹುಮಟ್ಟಿಗೆ ಬೇಡವಾಗಿದ್ದದ್ದು ಫ. ಮೊದಲು ಸಂಸ್ಕೃತದ ಫಲ ಅದಕ್ಕೆ ಕೆಲಸ ಕೊಟ್ಟಿತು, ಆಮೇಲೆ ಕಾಫಿ, ಫೋನು, ಫಾರಂ. 2009ರಲ್ಲಿ ಕಬ್ಬಿನ ಶಾಸನಬದ್ಧ ಕನಿಷ್ಠ ಬೆಲೆ ಹೋಗಿ ನ್ಯಾಯಯುತ, ಲಾಭದಾಯಕ ಬೆಲೆ ಎಂಬ ಎಫ್‌.ಆರ್‌.ಪಿ. ಬಂದ ಮೇಲೆ ಮುಧೋಳ, ಜಮಖಂಡಿ ಸೀಮೆಯ ರೈತರ ಬಾಯಲ್ಲೂ ಅದೇ ಫ.

ಫ್ರೆಂಚರಿಗೂ ಇಂಥದೊಂದು ಅಕ್ಷರವಿದೆ. ಅವರ 26ರಲ್ಲಿ ಡಬ್ಲ್ಯು ಹೊಟ್ಟೆ ಹೊರೆಯುವುದು ವ್ಯಾಗನ್, ವೀಕೆಂಡ್‌ನಂಥ ಎರವಲು ಪದಗಳಿಂದ. ಅವರ ಧಾರಾಳತನ ಇನ್ನೂ ಒಂದಿದೆ: ಓರೆಗೆರೆ ಹೊತ್ತ ಯು ಬರುವುದು 'ಎಲ್ಲಿ' ಎಂಬರ್ಥದ 1 ಪದದಲ್ಲಿ ಮಾತ್ರ, ಆದರೂ ಅವರ ಕೀಲಿಮಣೆಯಲ್ಲಿ ಅದಕ್ಕೆ ಸ್ವಂತ ಕೀಲಿ!

ನಾವು ಅಷ್ಟು ಉದಾರಿಗಳಲ್ಲ. ಹಳೆಗನ್ನಡದ ಱ, ೞ ಎರಡನ್ನೂ ಬಿಟ್ಟುಕೊಟ್ಟೆವು. ೞ ಕೆಲವೆಡೆ ಳ ಆಯಿತು, ಕೆಲವೆಡೆ ರ ಆಯಿತು. 13ನೆಯ ಶತಮಾನದ ಹೊತ್ತಿಗೆ ಯಾವ ಪದಕ್ಕೆ ಯಾವುದೆಂಬುದು ಎಷ್ಟು ಕಲಸಿಹೋಗಿತ್ತೆಂದರೆ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞ ಇರುವ ಪದಗಳನ್ನು ಪಟ್ಟಿ ಮಾಡಬೇಕಾಯಿತು. ಸಮೀರವಾಡಿಯ ಸೀಮೆಯ ಮುಧೋಳದ ಹೆಸರಿಗೇ ಈ ನಷ್ಟ ತಟ್ಟಿದೆ. 949ರಲ್ಲಿ ರನ್ನ ಹುಟ್ಟಿದ ಊರು ಹಳೆಗನ್ನಡದ ಕಾಗುಣಿತದಲ್ಲಿ ಮುದುವೊೞಲ್. ಇದೇ ಜಿಲ್ಲೆಯ ಪಟ್ಟದಕಲ್ಲು ಕಿಸುವೊೞಲ್. ಪೊೞಲ್ ಎಂದರೆ ಪಟ್ಟಣ. ಈಗ ಬರೆಯುವುದು ಮುಧೋಳ.

ತಮಾಷೆ ಇರುವುದು ಮುಂದೆ. 1991ರಲ್ಲಿ ಯೂನಿಕೋಡ್ ಮೊದಲ ಬಾರಿ ಹೊರಬಂದಾಗ ಕನ್ನಡದ ಪಾಲಿಗೆ 128 ಮನೆಗಳ ಒಂದು ಕೋಷ್ಟಕ ಬಂತು. ಅದರಲ್ಲಿ ೞ ಇದೆ, ಆದರೆ ಹೆಸರು 'ಫ' — ಇಂಗ್ಲಿಷಿನ ಎಫ್ ಹಚ್ಚಿ ಬರೆದ ಫ! ಮುಧೋಳದ ಹಳೆಯ ಅಕ್ಷರಕ್ಕೆ ಫ್ಯಾಕ್ಟರಿಯ ಅಕ್ಷರದ ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಯೂನಿಕೋಡಿನ ನಿಯಮ. ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಸೇರಿಸಿದ್ದಾರೆ, ತಪ್ಪು ಹೆಸರು ಹಾಗೇ ಇದೆ. ಹಳೆಗನ್ನಡ ಅಚ್ಚು ಹಾಕುವವರು ಹೆಸರು ನೋಡಿ ಹುಡುಕಬೇಡಿ. ದಶಮಾನ ಲೆಕ್ಕದಲ್ಲಿ ೞ ಅಕ್ಷರದ ಸಂಖ್ಯೆ 3294, ಱ ಅಕ್ಷರದ್ದು 3249.