ರಗಳೆಯ ನಡೆ: ಹರಿಹರನೂ ರಾಕಿಂ ಎಂಬ ರ‍್ಯಾಪ್ ಕವಿಯೂ

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಇತಿಹಾಸಾಭ್ಯಾಸಿಗಳಿಗೆ ಅಪರಿಚಿತವಾದ ಸ್ಥಳವಲ್ಲ. ಹೊಯ್ಸಳರ ಕಾಲದಲ್ಲಿ ಯಾದವಪುರವೆಂದೂ ತೊಂಡನೂರೆಂದೂ ಹೆಸರಾಗಿದ್ದ ಈ ಊರಿನ ಲಕ್ಷ್ಮೀನಾರಾಯಣ, ಗೋಪಾಲಕೃಷ್ಣ, ಯೋಗನರಸಿಂಹ ದೇವಾಲಯಗಳೂ, ಅಲ್ಲಿಯ ಕನ್ನಡ ತಮಿಳು ಶಾಸನಗಳೂ, ರಾಮಾನುಜಾಚಾರ್ಯರನ್ನು ಕುರಿತ ಐತಿಹ್ಯಗಳೂ ವಿದ್ವಾಂಸರ ಲೇಖನಗಳಲ್ಲಿ ಹಲವು ಬಾರಿ ಚರ್ಚಿತವಾಗಿವೆ. ಪ್ರಕೃತ ಲೇಖನದ ವಿಷಯ ಅದಲ್ಲ. ಕಳೆದ ವರ್ಷ ಶಾಸನಗಳನ್ನು ತೋರಿಸಲೆಂದು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಿದ್ದಾಗ, ಸಂಜೆ ಕೆರೆಯ ಏರಿಯ ಮೇಲೆ ನಡೆದ ಒಂದು ಮಾತುಕತೆಯೇ ಇದಕ್ಕೆ ಕಾರಣ.

ವಿದ್ಯಾರ್ಥಿಯೊಬ್ಬನು ತಾನೇ ಕಟ್ಟಿದ ರ‍್ಯಾಪ್ ಪದವೊಂದನ್ನು, ಗೆಳೆಯನು ಬುತ್ತಿಯ ಡಬ್ಬಿಯ ಮೇಲೆ ತಾಳ ಹಾಕುತ್ತಿರಲು, ನಮ್ಮ ಮುಂದೆ ಹೇಳಿದನು. ಆರಂಭ ಕನ್ನಡದಲ್ಲಿತ್ತು. ನಾಲ್ಕು ಸಾಲು ಕಳೆಯುವಷ್ಟರಲ್ಲಿ ಇಂಗ್ಲಿಷಿಗೆ ಹೊರಳಿತು. ಕಾರಣವನ್ನು ಕೇಳಿದೆವು. “ಕನ್ನಡದ ಪದಗಳು ಉದ್ದ ಸರ್, ಬೀಟಿಗೆ ಕೂರುವುದಿಲ್ಲ. ರಾಕಿಂನಂಥವರು ನಮ್ಮಲ್ಲಿ ಯಾರಿದ್ದಾರೆ?” ಎಂದನು. ತನ್ನ ಭಾಷೆಗೆ ಆ ಕಸುವಿಲ್ಲವೆಂದು ಇಪ್ಪತ್ತರ ಹುಡುಗನೊಬ್ಬನು ಇಷ್ಟು ನಿಶ್ಚಿಂತೆಯಿಂದ ನಂಬಿರುವುದನ್ನು ಕಂಡು ನಮಗೆ ಕಸಿವಿಸಿಯಾಯಿತು. ಅಂದು ತಕ್ಕ ಉತ್ತರ ನಮ್ಮಲ್ಲಿರಲಿಲ್ಲ. ಬಳಿಕ ಹುಡುಕಿಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ರಾಕಿಂ ಯಾರೆಂಬುದನ್ನು ತಿಳಿಯಬೇಕು. ಹಿಪ್ ಹಾಪ್ ಎಂಬ ಕಲಾಪದ್ಧತಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಹುಟ್ಟಿತು. 1973ರ ಆಗಸ್ಟ್ 11ರಂದು ಕೂಲ್ ಹರ್ಕ್ ಎಂಬಾತನು ಅಲ್ಲಿ ನಡೆಸಿದ ಕೂಟವನ್ನು ಅದರ ಜನ್ಮದಿನವೆಂದು ಎಣಿಸುವುದು ರೂಢಿ. ಅದರ ಪದ್ಯಭಾಗವೇ ರ‍್ಯಾಪ್. ಮೊದಲ ಹತ್ತು ಹನ್ನೆರಡು ವರ್ಷಗಳ ರ‍್ಯಾಪ್‌ನಲ್ಲಿ ಸಾಲು ಮುಗಿದಲ್ಲಿ ಅರ್ಥವೂ ಮುಗಿಯುತ್ತಿತ್ತು, ಪ್ರಾಸವು ಸಾಲಿನ ಕೊನೆಯ ಪೆಟ್ಟಿನ ಮೇಲೆಯೇ ಬೀಳುತ್ತಿತ್ತು, ಹೇಳುವ ದನಿ ಸಾಮಾನ್ಯವಾಗಿ ಕೂಗಿನದಾಗಿತ್ತು. 1968ರಲ್ಲಿ ಜನಿಸಿದ ವಿಲಿಯಂ ಮೈಕಲ್ ಗ್ರಿಫಿನ್ ಎಂಬ ಯುವಕನು ರಾಕಿಂ ಎಂಬ ಹೆಸರಿನಿಂದ, ಎರಿಕ್ ಬಿ. ಎಂಬ ವಾದ್ಯಗಾರನೊಡನೆ 1987ರಲ್ಲಿ ‘ಪೇಯ್ಡ್ ಇನ್ ಫುಲ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಾಗ ಈ ಕ್ರಮ ಬದಲಾಯಿತು. ಆತನು ದನಿಯನ್ನು ತಗ್ಗಿಸಿದನು. ಪ್ರಾಸಗಳನ್ನು ಸಾಲಿನ ಒಡಲೊಳಗೆ ಹರಡಿದನು. ವಾಕ್ಯವನ್ನು ಸಾಲಿನ ಅಂಚು ದಾಟಿಸಿ ಮುಂದಿನ ಸಾಲಿನ ನಡುವೆ ನಿಲ್ಲಿಸಿದನು. ಬಾಲ್ಯದಲ್ಲಿ ಸ್ಯಾಕ್ಸೊಫೋನ್ ನುಡಿಸಿದ್ದವನು. ಜಾನ್ ಕೋಲ್ಟ್ರೇನನ ವಾದನದಿಂದ ತಾನು ಕಲಿತೆನೆಂದು ಹೇಳಿಕೊಂಡಿದ್ದಾನೆ. ವಾದ್ಯದ ಉಸಿರು ಹೇಗೆ ತಾಳದ ಕಟ್ಟನ್ನು ದಾಟಿ ಹರಿಯುವುದೋ ಹಾಗೆ ಮಾತೂ ಹರಿಯಬಹುದೆಂಬುದು ಆತನ ಶೋಧ. ಈ ಹರಿವನ್ನೇ ರ‍್ಯಾಪ್‌ನವರು ‘ಫ್ಲೋ’ ಎನ್ನುತ್ತಾರೆ; ನಮ್ಮಲ್ಲಿ ಇದಕ್ಕೆ ‘ನಡೆ’ ಎಂಬ ಮಾತು ಹಿಂದಿನಿಂದಲೂ ಇದೆ. ಅದೇ ಕಾಲದಲ್ಲಿ ಬಿಗ್ ಡ್ಯಾಡಿ ಕೇನ್, ಕೂಲ್ ಜಿ ರ‍್ಯಾಪ್ ಮೊದಲಾದವರೂ ಇದೇ ದಾರಿಯಲ್ಲಿ ಹೆಜ್ಜೆಯಿಟ್ಟಿದ್ದರಾದ್ದರಿಂದ ಎಲ್ಲ ಶ್ರೇಯಸ್ಸನ್ನೂ ಒಬ್ಬನಿಗೇ ಕಟ್ಟುವುದು ಇತಿಹಾಸಕಾರನಿಗೆ ಒಪ್ಪುವುದಿಲ್ಲ. ಆದರೆ ಮುಂದಿನ ತಲೆಮಾರಿನವರು ಗುರುವೆಂದು ನೆನೆದದ್ದು ರಾಕಿಂನನ್ನು. ನ್ಯಾಸ್ ಎಂಬ ಪ್ರಸಿದ್ಧ ಕವಿ 2004ರಲ್ಲಿ ಆತನ ಜೀವನವನ್ನೇ ವಸ್ತುವಾಗಿಸಿ ಒಂದು ಪದವನ್ನು ಕಟ್ಟಿದನು.

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆ. ತೊಣ್ಣೂರನ್ನಾಳಿದ ಹೊಯ್ಸಳರ ರಾಜಧಾನಿಯಾದ ದೋರಸಮುದ್ರದಲ್ಲಿ ನರಸಿಂಹಬಲ್ಲಾಳನ ಬಳಿ ಕರಣಿಕನಾಗಿದ್ದು, ಆ ಕೆಲಸವನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಯನ್ನು ಸೇರಿದನೆಂದು ಸಂಪ್ರದಾಯವು ಹೇಳುವ ಹರಿಹರನೇ ಇದಕ್ಕೆ ಉತ್ತರವೆಂದು ನಮ್ಮ ಮತ. ಆತನ ಕಾಲವನ್ನು ಕುರಿತು ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಹನ್ನೆರಡನೆಯ ಶತಮಾನದ ಉತ್ತರಾರ್ಧ ಮತ್ತು ಹದಿಮೂರನೆಯದರ ಆರಂಭವೆಂದಿಟ್ಟುಕೊಂಡರೆ ಪ್ರಕೃತಕ್ಕೆ ಸಾಕು.

ರಗಳೆಯನ್ನು ಹರಿಹರನು ಹುಟ್ಟಿಸಲಿಲ್ಲ. ನಾಗವರ್ಮನ ಛಂದೋಂಬುಧಿಯಲ್ಲಿ ‘ರಘಟಾ’ ಎಂಬ ಹೆಸರಿನಿಂದ ಅದರ ಪ್ರಸ್ತಾಪವಿದೆ. ಪಂಪನ ಚಂಪೂಕಾವ್ಯಗಳ ನಡುನಡುವೆಯೂ ರಗಳೆಗಳಿವೆ. ಆದರೆ ಅಲ್ಲಿ ಅದು ಅರಮನೆಯ ಮೂಲೆಯಲ್ಲಿ ನಿಂತ ಊಳಿಗದವನಂತೆ. ವೃತ್ತ ಕಂದಗಳೇ ಅರಸುಗಳು. ಆ ಊಳಿಗದವನನ್ನು ಕರೆತಂದು ಸಿಂಹಾಸನದಲ್ಲಿ ಕುಳ್ಳಿರಿಸಿದವನು ಹರಿಹರ. ಶಿವಶರಣರ ಚರಿತ್ರೆಗಳನ್ನು ಇಡಿಯಾಗಿ ರಗಳೆಯಲ್ಲಿ ಹೇಳಿದನು. ‘ಬಸವರಾಜದೇವರ ರಗಳೆ’, ‘ನಂಬಿಯಣ್ಣನ ರಗಳೆ’ಗಳಂಥ ದೀರ್ಘ ಕೃತಿಗಳಲ್ಲಿ ಪದ್ಯದ ಸ್ಥಲವೊಂದು ಗದ್ಯದ ಸ್ಥಲವೊಂದರಂತೆ ಬೆಳೆಯಿಸಿದನು. ಪಂಡಿತರು ಆತನನ್ನು ‘ರಗಳೆಯ ಕವಿ’ ಎಂದು ಹಂಗಿಸಿದರೆಂದೂ, ಅದಕ್ಕೆ ಉತ್ತರವಾಗಿಯೇ ‘ಗಿರಿಜಾಕಲ್ಯಾಣ’ವೆಂಬ ಚಂಪುವನ್ನು ಬರೆದನೆಂದೂ ಕಥೆಯಿದೆ. ಕಥೆ ನಿಜವಿರಲಿ ಇಲ್ಲದಿರಲಿ, ‘ರಗಳೆ’ ಎಂದರೆ ತಂಟೆ, ತಕರಾರು ಎಂಬ ಅರ್ಥ ನಮ್ಮ ಮನೆಮಾತಿನಲ್ಲಿ ಇಂದಿಗೂ ಉಳಿದಿದೆ. ರ‍್ಯಾಪನ್ನು ಗದ್ದಲವೆಂದು ಕರೆಯುವ ನಮ್ಮ ಸಹೋದ್ಯೋಗಿಗಳು ಇದನ್ನು ಗಮನಿಸಬಹುದು.

ರಗಳೆಯ ಕಟ್ಟು ಸರಳ. ಪಾದಗಳು ಎರಡೆರಡಾಗಿ ಸಾಗುತ್ತವೆ. ಇಷ್ಟೇ ಪಾದಗಳೆಂಬ ಮಿತಿಯಿಲ್ಲ. ಮೂರು ಮಾತ್ರೆಯ ಗಣಗಳದು ಉತ್ಸಾಹ, ನಾಲ್ಕರದು ಮಂದಾನಿಲ, ಐದರದು ಲಲಿತ. ಮಂದಾನಿಲದಲ್ಲಿ ಪಾದಕ್ಕೆ ನಾಲ್ಕು ಗಣ, ಒಟ್ಟು 16 ಮಾತ್ರೆ. ರ‍್ಯಾಪ್‌ನ ಒಂದು ಸಾಲಿಗೆ ಸಾಮಾನ್ಯವಾಗಿ ನಾಲ್ಕು ಪೆಟ್ಟು. ಒಂದೊಂದು ಪೆಟ್ಟನ್ನು ನಾಲ್ಕಾಗಿ ಸೀಳಿದರೆ 16 ಅಂಶ. ಇವೆರಡರ ಅಳತೆಯೂ ಒಂದೇ! ಕನ್ನಡವು ಬೀಟಿಗೆ ಕೂರುವುದಿಲ್ಲವೆಂಬ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ. ಪದ ಉದ್ದವಾದರೇನು, ಅದನ್ನು ಮಾತ್ರೆಗಳಾಗಿ ಎಣಿಸಿ ಗಣದಲ್ಲಿ ಕೂರಿಸುವ ವಿದ್ಯೆ ನಮ್ಮಲ್ಲಿ ಸಾವಿರ ವರ್ಷದಷ್ಟು ಹಳೆಯದು.

ಪ್ರಾಸದ ವಿಷಯ ಇನ್ನೂ ಸ್ವಾರಸ್ಯವಾದುದು. ಕನ್ನಡದಲ್ಲಿ ಅಂತ್ಯಪ್ರಾಸ ತೀರ ಅಗ್ಗ. ವಿಭಕ್ತಿ ಕ್ರಿಯಾಪ್ರತ್ಯಯಗಳು ಪದದ ಬಾಲದಲ್ಲಿ ಬರುವುದರಿಂದ ಎರಡು ಸಾಲಿನ ಕೊನೆಗೆ ‘ಇದೆ’ ಎಂದರೆ ಪ್ರಾಸವಾದಂತೆಯೇ. ನಿದರ್ಶನಕ್ಕಾಗಿ ನಾವೇ ಕಟ್ಟಿದ ಎರಡು ಪಾದಗಳಿವು:

ಕೆರೆಯಲಿ ನೀರಿದೆ ದಡದಲಿ ನೆಲವಿದೆ
ಊರಲಿ ಗುಡಿಯಿದೆ ಗುಡಿಯಲಿ ಶಿಲೆಯಿದೆ

ಮಾತ್ರೆ ಸರಿಯಾಗಿದೆ, ಕವಿತೆ ಇಲ್ಲ. ನಮ್ಮ ಹಿರಿಯರು ಪ್ರಾಸವನ್ನು ಪಾದದ ಎರಡನೆಯ ಅಕ್ಷರದಲ್ಲಿರಿಸಿದುದು ಏಕೆಂಬುದು ಇದರಿಂದ ಹೊಳೆಯುತ್ತದೆ. ಅದು ಪದದ ಮೂಲದಲ್ಲಿ ಬೀಳುವ ಸ್ಥಾನ. ಪ್ರತ್ಯಯದ ನೆರವು ಅಲ್ಲಿಗೆ ತಲುಪದು, ನುಡಿಸಂಪತ್ತೇ ಬೇಕು. ಆ ಪ್ರಾಸವನ್ನೇ ಪಾದದೊಳಗೂ ಹರಡಿ, ವಾಕ್ಯವನ್ನು ಅಂಚು ದಾಟಿಸಿದರೆ ಹೀಗಾಗಬಹುದು:

ಕೆರೆಯಲಿ ತೆರೆಗಳು ಮೊರೆದವು, ನಮ್ಮನು
ಕರೆದವು, ದಡದಲಿ ನಿಂತರೆ ಸಾಲದು

ಇದು ದೊಡ್ಡ ಕವಿತ್ವವೆಂದು ನಾವು ಹೇಳುವುದಿಲ್ಲ. ಇತಿಹಾಸ ಬೋಧಿಸುವವರ ಪದ್ಯ. ಆದರೂ ರಾಕಿಂನು ಇಂಗ್ಲಿಷಿನಲ್ಲಿ ಮಾಡಿದುದು ಯಾವ ಬಗೆಯದೆಂಬುದು ಇದರಿಂದ ತಿಳಿಯಬಹುದು. ಕವಿಗಳು ಯತಿಯನ್ನು ಮೀರಿದರೂ ಪ್ರಾಸವನ್ನು ಕೈಬಿಡದಿದ್ದುದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಗುರುತಿಸಿದೆ. ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಹರಿಯುವುದು ಕನ್ನಡಕ್ಕೆ ಹೊಸತಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮಾಸ್ತಿ, ಕುವೆಂಪು ಮುಂತಾದವರು ಪ್ರಾಸವನ್ನೂ ಬಿಟ್ಟು ಸರಳರಗಳೆಯಲ್ಲಿ ವಾಕ್ಯವನ್ನು ಪಾದದಿಂದ ಪಾದಕ್ಕೆ ಹರಿಯಬಿಟ್ಟರು. ಅವರ ಹಿಂದೆ ನಿಂತಿರುವವನು ಹರಿಹರನೇ.

ಹೋಲಿಕೆಗೆ ಒಂದು ಎಲ್ಲೆಯಿದೆ. ರಗಳೆಯಲ್ಲಿ ತಾಳವನ್ನು ಹುಟ್ಟಿಸುವುದು ಓದುವ ಕಂಠವೇ. ಗಣ ತಪ್ಪಿದರೆ ಲಯವೂ ತಪ್ಪಿತು. ರ‍್ಯಾಪ್‌ನಲ್ಲಿ ಪೆಟ್ಟು ಕಂಠದ ಹೊರಗಿನಿಂದ ನಿರಂತರವಾಗಿ ಬರುತ್ತಿರುತ್ತದೆ. ಆದ್ದರಿಂದ ಹೇಳುವವನು ಅದಕ್ಕಿಂತ ಕೊಂಚ ಹಿಂದೆ ಬೀಳಬಹುದು, ಮುಂದೆ ಹಾಯಬಹುದು, ಸುಮ್ಮನಿರಬಹುದು. ರಾಕಿಂನ ನಿರಾಳವಾದ ದನಿಗೆ ಈ ಸ್ವಾತಂತ್ರ್ಯವೇ ಆಧಾರ. ಹರಿಹರನಿಗೆ ಅದು ಇರಲಿಲ್ಲ. ಆತನಿಗೆ ಇದ್ದದ್ದು ಭಕ್ತಿಯ ಆವೇಶ. ಒಮ್ಮೊಮ್ಮೆ ಆ ಆವೇಶದಲ್ಲಿ ವರ್ಣನೆ ಅತಿಯಾಗಿ ಬೆಳೆಯುವುದೂ ಉಂಟು.

ಕನ್ನಡದಲ್ಲಿ ರ‍್ಯಾಪ್ ಇಂದು ಮನೆಮನೆಗೂ ತಲುಪಿದೆ. ಅದನ್ನು ಹಾಡಿ ಹೆಸರಾದ ಚಂದನ್ ಶೆಟ್ಟಿಯವರು 2018ರಲ್ಲಿ ಬಿಗ್ ಬಾಸ್ ಸ್ಪರ್ಧೆಯಲ್ಲಿ ಗೆದ್ದುದು ಎಲ್ಲರೂ ಬಲ್ಲ ಸಂಗತಿ. ಆದರೆ ನಾವು ಕೇಳಿದ ಬಹುಪಾಲು ಪದಗಳು ಇನ್ನೂ ‘ಇದೆ’ಯ ಪ್ರಾಸದಲ್ಲಿಯೇ ನಿಂತಿವೆ ಎಂದು ಹೇಳದೆ ವಿಧಿಯಿಲ್ಲ.

ಆ ವಿದ್ಯಾರ್ಥಿಗೆ ಗ್ರಂಥಾಲಯದಿಂದ ‘ನಂಬಿಯಣ್ಣನ ರಗಳೆ’ಯನ್ನು ಕೊಡಿಸಿದೆವು. ಪರೀಕ್ಷೆಗೆಂದು ಎರಡು ಪುಟ ಓದಿ ಬಿಟ್ಟಿದ್ದೆನೆಂದು ಆತನೇ ಒಪ್ಪಿಕೊಂಡನು. ತಿಂಗಳಾದ ಮೇಲೆ ಬಂದು, ನಾಲ್ಕರ ಗಣಗಳು ಬೀಟಿಗೆ ತಾವಾಗಿಯೇ ಕೂರುತ್ತವೆ, ಐದರವು ಮಾತ್ರ ಎಡವುತ್ತವೆ ಎಂದನು. ಮೃದಂಗದವರ ಖಂಡನಡೆಯಲ್ಲಿ ಪೆಟ್ಟೊಂದನ್ನು ಐದಾಗಿ ಸೀಳುತ್ತಾರೆ, ಅದನ್ನು ಪ್ರಯತ್ನಿಸಬಹುದೆಂದು ಸೂಚಿಸಿದೆವು. ಈಗ ಯಂತ್ರದ ತಾಳವನ್ನು ಐದಕ್ಕೆ ಹೊಂದಿಸುವ ಕೆಲಸದಲ್ಲಿದ್ದಾನೆ. ಪದವು ಪೂರ್ತಿ ಕನ್ನಡದಲ್ಲಿದೆ.